ಕೈಗವಸಿಗೂ ಹೊಟ್ಟೆ ತುಂಬಿಸಿದ ರತ್ನಾಬಾಯಿ

ಲಂಡನ್ನಿನ ಸ್ಟ್ರಾಟ್‌ಫರ್ಡ್‌ನ ಫ್ಲ್ಯಾಟಿನಲ್ಲಿ ರತ್ನಾಬಾಯಿ ಲ್ಯಾಪ್‌ಟಾಪಿನ ಮುಂದೆ ಆಗಲೇ ಕೂತುಬಿಟ್ಟಿದ್ದರು. ಸ್ವೀಡನ್ನಿನಲ್ಲಿ ಹೆಂಗಸರ ಬ್ಯಾಂಡಿ ವಿಶ್ವ ಚಾಂಪಿಯನ್‌ಶಿಪ್. ಫುಟ್‌ಬಾಲ್ ಮೈದಾನದಷ್ಟು ದೊಡ್ಡ ಮಂಜುಗಡ್ಡೆ, ಕಾಲಿಗೆ ಸ್ಕೇಟ್ಸ್, ಕೈಯಲ್ಲಿ ಬಾಗಿದ ಕೋಲು, ಸಣ್ಣ ಗಟ್ಟಿ ಚೆಂಡು. ಗೋಲು ಕಾಯುವವಳಿಗೆ ಮಾತ್ರ ಕೋಲಿಲ್ಲ. ಗವಸು ತೊಟ್ಟ ಕೈಗಳೇ ಅವಳ ಆಯುಧ. ಬ್ರಿಟನ್ ತಂಡದಲ್ಲಿ ಆ ಜಾಗ ಇವತ್ತು ಮೊದಲ ಸಲ ಮೊಮ್ಮಗಳು ಅಂಕಿತಾಳಿಗೆ ಸಿಕ್ಕಿತ್ತು. ಚೆನ್ನಾಗಿ ಕಾಯ್ದರೆ ನಾಳೆಯೂ ಅವಳೇ, ಇಲ್ಲದಿದ್ದರೆ ಮತ್ತೆ ಬೆಂಚು.

ರತ್ನಾಬಾಯಿ ವಿಜಯಪುರದವರು. ಗಂಡ ಮಲ್ಲಪ್ಪ ತೀರಿಕೊಂಡ ಮೇಲೆ ಮಗನ ಜೊತೆ ಲಂಡನ್ನಿಗೆ ಬಂದವರು. ಬಲ್ಲ ವಿದ್ಯೆ ಒಂದೇ, ಕೌದಿ ಹೊಲಿಯುವುದು. ಸೌತ್‌ಹಾಲಿನ ದರ್ಜಿಗಳಿಂದ ತುಂಡುಬಟ್ಟೆ ತಂದು, ಪದರದ ಮೇಲೆ ಪದರ ಹಾಸಿ, ಇರುವೆ ಸಾಲಿನಂಥ ಹೊಲಿಗೆ ಹಾಕುತ್ತಿದ್ದರು. ಮುಗಿಸುವ ಮುನ್ನ ಒಂದಿಷ್ಟು ಜಾಗ ಬಿಟ್ಟು, ಒಳಗೆ ನಾಲ್ಕು ಕಾಳು ಜೋಳವನ್ನೋ ಹೋಳಿಗೆಯ ಚೂರನ್ನೋ ಇಟ್ಟು ಮುಚ್ಚುತ್ತಿದ್ದರು. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಹೊಟ್ಟೆ ತುಂಬದ ಕೌದಿಯನ್ನು ಯಾರಿಗೂ ಹೊದಿಸಬಾರದೆಂದು ಅವರ ಅತ್ತೆ ಕಲಿಸಿದ್ದರು.

ಹೋದ ವಾರ ಅಂಕಿತಾಳ ಎಡಗೈ ಗವಸಿನ ಅಸ್ತರು ಹರಿದಾಗಲೂ ಅವರು ಕೌದಿಯಂತೆಯೇ ಪದರ ಕೂಡಿಸಿ ಹೊಲಿದುಕೊಟ್ಟರು. ಹುಡುಗಿ ಹಾಕಿ ನೋಡದೆಯೇ ಬ್ಯಾಗಿಗೆ ತುರುಕಿ ವಿಮಾನ ಹತ್ತಿದಳು.

ಪಕ್ಕದ ಫ್ಲ್ಯಾಟಿನ ಟ್ರೀಸಾ, ಉಡುಪಿಯ ಕಡೆಯವರು, ಚಹಾ ಹಿಡಿದು ಬಂದು ಕೂತರು. ಅಷ್ಟರಲ್ಲಿ ಅಂಕಿತಾಳ ಫೋನು.

“ಅಜ್ಜಿ, ದೇರ್ ಈಸ್ ಸಮ್‌ಥಿಂಗ್ ಇನ್ ಮೈ ಗ್ಲವ್. ಚುಚ್ಚತದ. ಇನ್ನೊಂದು ಪೇರ್ ನಿನ್ನೆ ಪ್ರ್ಯಾಕ್ಟೀಸ್‌ನ್ಯಾಗ ಪೂರಾ ವೆಟ್ ಆಗೇದ.”

ರತ್ನಾಬಾಯಿ ಲ್ಯಾಪ್‌ಟಾಪಿನಿಂದ ಮುಖ ತಿರುಗಿಸಿದರು. “ಜ್ವಾಳ ಅದಾವ ಯವ್ವಾ. ಹೊಟ್ಟಿ ತುಂಬಿಸೀನಿ.”

“ಗ್ಲವ್‌ಗೆ? ಅಜ್ಜಿ, ಸೀರಿಯಸ್ಲಿ?”

“ಉಪ್ಪಿನಕಾಯಿ ಸಹ ಇಡ್ಬೇಕಿತ್ತು ಮಾರಾಯ್ರೆ,” ಎಂದರು ಟ್ರೀಸಾ.

“ನೀವು ಸುಮ್ಮ ಕೂಡ್ರಿ,” ಎಂದು ರತ್ನಾಬಾಯಿ ಫೋನನ್ನು ಕಿವಿಗೆ ಒತ್ತಿಕೊಂಡರು. “ಮಣಿಕಟ್ಟಿನ ಕಡೆ ಕೆಂಪು ದಾರ ಅದ ನೋಡು. ಅದೊಂದ ಕತ್ತರಿಸು. ಬಿಳೇದು ಮುಟ್ಟಬ್ಯಾಡ, ಎಲ್ಲಾ ಬಿಚ್ಚಿಕೋತದ.”

ಕಾಳು ನೆಲಕ್ಕೆ ಉದುರಿದ ಸದ್ದು ಲಂಡನ್ನಿನವರೆಗೂ ಕೇಳಿಸಿತು.

“ಬಂದ್ವು. ಬಟ್ ಈಗ ತೂತು ಬಿದ್ದದ.”

“ಟೇಪ್ ಎಳದು ಸುತ್ತು. ಓಡು.”

ಪಂದ್ಯ ಶುರುವಾಯಿತು. ರತ್ನಾಬಾಯಿ ಚೆಂಡನ್ನು ನೋಡಲಿಲ್ಲ, ಮೊಮ್ಮಗಳ ಎಡಗೈಯನ್ನೇ ನೋಡಿದರು. ಎದುರಾಳಿ ಹಂಗೆರಿಯ ಹುಡುಗಿಯೊಬ್ಬಳು ಬೀಸಿ ಹೊಡೆದಳು. ಅಂಕಿತಾ ಎಡಗೈ ಚಾಚಿದಳು. ಚೆಂಡು ಗವಸಿಗೆ ಬಡಿದು ಅಲ್ಲೇ ನಿಂತಿತು. ಟೇಪೂ ನಿಂತಿತ್ತು. ಆಮೇಲೆ ರತ್ನಾಬಾಯಿಗೂ ಚೆಂಡು ಕಾಣಿಸತೊಡಗಿತು.

ಎರಡನೆಯ ಅರ್ಧದಲ್ಲಿ ಬ್ರಿಟನ್ ಒಂದು ಗೋಲು ಹೊಡೆಯಿತು. ಟ್ರೀಸಾ ಕುರ್ಚಿಯಿಂದ ಎದ್ದವರು ಮತ್ತೆ ಕೂರಲೇ ಇಲ್ಲ. ಆಟ ಮುಗಿಯಲು ಬಂದಾಗ ಹಂಗೆರಿಗೆ ಪೆನಾಲ್ಟಿ ಸಿಕ್ಕಿತು. ಗೋಲಿನ ಮುಂದೆ ಅಂಕಿತಾ ಒಬ್ಬಳೇ.

“ಎತ್ತ ಹೊಡಿತಾಳೋ,” ಎಂದರು ರತ್ನಾಬಾಯಿ ಮೆಲ್ಲಗೆ.

ಟ್ರೀಸಾ ಶಿಲುಬೆಯ ಗುರುತು ಮಾಡಿಕೊಂಡರು.

ಹೊಡೆತ ಬಲಕ್ಕೆ, ನೆಲಕ್ಕಂಟಿಕೊಂಡು ಬಂತು. ಕೈ ತಲುಪುವಂತಿರಲಿಲ್ಲ. ಅಂಕಿತಾ ಕಾಲು ಚಾಚಿ ಜಾರಿದಳು. ಚೆಂಡು ಸ್ಕೇಟಿಗೆ ಸಿಡಿದು ಕಂಬದಾಚೆ ಹೋಯಿತು. ಆಟ ಮುಗಿದ ಸೀಟಿ ಊದಿದ್ದೇ ತಂಡವೆಲ್ಲ ಅವಳ ಮೇಲೆ ಬಿದ್ದಿತು. ಇಲ್ಲಿ ಚಹಾ ಅರ್ಧ ಟ್ರೀಸಾರ ಬಟ್ಟೆಯ ಮೇಲಿತ್ತು, ಒರೆಸಿಕೊಳ್ಳಲು ಅವರಿಗೆ ಪುರುಸೊತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಫೋನು ಬಂತು. “ಅಜ್ಜಿ, ಕೋಚ್ ಹೇಳಿದ್ರು. ಟುಮಾರೋ ಆಲ್ಸೋ ಮಿ.”

“ಎಷ್ಟೊತ್ತಿಗೆ?” ಎಂದು ರತ್ನಾಬಾಯಿ ಕೇಳಿದರು. ಉತ್ತರ ಕೇಳಿ ಟ್ರೀಸಾರ ಕಡೆ ತಿರುಗಿದರು. “ನಾಳಿ ಮುಂಜಾನೆ ಅಂತ್ರಿ. ಐತವಾರ, ನಿಮ್ಮ ಚರ್ಚು?”

“ಬೇಗದ ಪೂಜೆಗೆ ಹೋಗಿ ಓಡಿ ಬರ್ತೇನೆ,” ಎಂದರು ಟ್ರೀಸಾ. “ನಾನು ಬರುವ ತನಕ ಆಟ ಶುರು ಮಾಡ್ಲಿಕ್ಕೆ ಬಿಡ್ಬೇಡಿ.”