ಪುಂಡಿಪಲ್ಯದ ಮಡಿಯಲ್ಲಿ ಅಳತೆ

ಗೆಳೆಯರೇ, ಇವತ್ತು ಬೆಳಿಗ್ಗೆ ಇಲ್ಲಿ ಮರಾಠಿ ಸೀಮೆಯ ಹಿಂಜವಾಡಿಯ ರಸ್ತೆಬದಿಯಲ್ಲಿ ಒಬ್ಬ ಹೆಂಗಸು ನಮ್ಮ ಯಂತ್ರದ ವೈರು ಹಿಡಿದವಳು ಬಿಡಲೇ ಇಲ್ಲ.

ಯಂತ್ರ ನನ್ನ ರೂಮ್‌ಮೇಟ್ ಸ್ನೇಹಲಳ ಸಂಶೋಧನೆಯದು. ವಾಹನಗಳ ಹೊಗೆ, ಬ್ರೇಕಿನ ಧೂಳಿನಿಂದ ಮಣ್ಣಿಗೆ ಎಷ್ಟು ಕಬ್ಬಿಣ ಸೇರಿದೆ ಎಂದು ಅದು ಕಾಂತಗುಣದಿಂದ ಅಳೆಯುತ್ತದೆ. ನಾನು ಅಂಕಿ ಬರೆದುಕೊಳ್ಳುವವಳು. ಆ ಹೆಂಗಸು ಯಾದಗಿರಿ ಕಡೆಯವಳು, ಎದುರಿನ ಕಟ್ಟಡದಲ್ಲಿ ಕೂಲಿ. ನಾವು ಯಂತ್ರ ಇಟ್ಟದ್ದು ರಸ್ತೆಯಂಚಿಗೆ ಅವಳು ಬೆಳೆಸಿದ ಪುಂಡಿಪಲ್ಯದ ಸೊಪ್ಪಿನ ಮಡಿಯಲ್ಲಿ. ಅಂಕಿ ಜಿಗಿದದ್ದನ್ನು ಅವಳೂ ನೋಡಿದಳು.

"ಇದನ್ನ ನನ್ನ ಮಕ್ಕಳು ದಿನಾ ತಿಂತಾವ್ರಿ. ತಿನ್ನಬೇಕೋ ಬ್ಯಾಡೋ, ಅಷ್ಟ ಹೇಳ್ರಿ."

ಕನ್ನಡ ಬಾರದ ಸ್ನೇಹಲಳನ್ನು ನಾನು ಮರಾಠಿಯಲ್ಲಿ ಕೇಳಿದೆ. ಸ್ನೇಹಲ್ ತಡವರಿಸಿದಳು. "ಇದು ಬರೀ ಗುರುತು. ವಿಷ ಇದೆಯೋ ಇಲ್ಲವೋ ಲ್ಯಾಬೇ ಹೇಳಬೇಕು. ಅದಕ್ಕೆ ಆರು ತಿಂಗಳು ಬೇಕು ಅನ್ನು." ನಾನು ಅದನ್ನೇ ಕನ್ನಡದಲ್ಲಿ ಅವಳಿಗೆ ಹೇಳಿದೆ.

"ಆರು ತಿಂಗಳಿಗೆ ಬಿಲ್ಡಿಂಗ್ ಮುಗೀತದ, ನಾವ್ ಎಲ್ಲಿರ್ತೀವೋ! ತಂಗಿ, ನೀ ಆದ್ರ ತಿಂತಿದ್ದೇನ?"

ನಾನು ಬರೆದುಕೊಂಡಿದ್ದ ಅಂಕಿಯತ್ತ ನೋಡಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ವೈರು ಬಿಟ್ಟು, "ಆತು ಬಿಡವ್ವ, ತಿಳೀತು" ಎಂದು ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಗಿಡ ಬೇರುಸಮೇತ ಕಿತ್ತೆಸೆಯತೊಡಗಿದಳು.

ಲ್ಯಾಬಿಗೆ ಆರು ತಿಂಗಳು ಬೇಕು. ನನ್ನ ಮುಖ ಮಾತ್ರ ಯಾವ ಪರೀಕ್ಷೆಯನ್ನೂ ಮಾಡದೆ ಅರ್ಧ ನಿಮಿಷದಲ್ಲಿ ವರದಿ ಕೊಟ್ಟುಬಿಟ್ಟಿತು.