ಅಮ್ಮಣಿ ಇಟ್ಟ ಆಣೆ

ಗಡಾಯಿಕಲ್ಲು ಹತ್ತಲು ಬೆಳ್ತಂಗಡಿ ಕಡೆಯಿಂದ ಬಂದವರು ಮೊದಲು ನಿಲ್ಲುತ್ತಿದ್ದುದು ಅಮ್ಮಣಿಯ ಮಾವಿನ ಮರದಡಿಯಲ್ಲಿ. ಅಲ್ಲಿ ಒಂದು ಮಡಕೆ ನೀರು, ಒಂದು ಮಡಕೆ ಮಜ್ಜಿಗೆ, ಊರಿಕೊಂಡು ಹತ್ತಲು ನಾಲ್ಕಾರು ಬಿದಿರ ಕೋಲು ಇರುತ್ತಿದ್ದವು. ಮರದ ಆಚೆಗೆ ಬಂಡೆಯಲ್ಲೇ ಕಡಿದ ಮೆಟ್ಟಿಲು ಶುರುವಾಗುತ್ತಿತ್ತು. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಬರೀ ಗಾಳಿ. ಶಾಲೆಯ ಮಾಸ್ತರರು, ಮೂಡಬಿದಿರೆಯ ಅಂಗಡಿಯವರು, ಹೊಸದಾಗಿ ಮದುವೆಯಾದ ಜೋಡಿಗಳು ಬಂಡೆಬೆಟ್ಟದ ತುದಿಯ ಕೋಟೆ ನೋಡುವ ಆಸೆಯಿಂದ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಅವರನ್ನು ಮೇಲೆ ಕರೆದೊಯ್ಯುವ ಕೆಲಸ ಮೊದಲು ಅವಳ ಗಂಡ ಹುಕ್ರಪ್ಪನದಾಗಿತ್ತು.

ಐವತ್ತೈದನೆಯ ಇಸವಿಯಲ್ಲಿ, ನವರಾತ್ರಿ ಕಳೆದ ವಾರ, ಕೆಳಗಿಳಿದು ಬಂದವರೊಬ್ಬರಿಗೆ ಕೊಡೆಯನ್ನು ಮೇಲೆಯೇ ಬಿಟ್ಟದ್ದು ನೆನಪಾಯಿತು. ಹನಿ ಬೀಳಲು ತೊಡಗಿತ್ತು. "ಈಗ ತರ್ತೇನೆ" ಎಂದು ಹುಕ್ರಪ್ಪ ಹೋದ. ಅರ್ಧ ದಾರಿಯ ತಿರುವಿನಲ್ಲಿ ಕಾಲು ಜಾರಿತು. ಅವನು ಸಿಕ್ಕಿದ್ದು ಮರುದಿನ, ಬಂಡೆಯ ಬುಡದ ಕಾಡಿನಲ್ಲಿ.

ಸೂತಕ ಕಳೆದ ಮೇಲೆ ಅಮ್ಮಣಿ ತಾನೇ ಜನರನ್ನು ಕರೆದುಕೊಂಡು ಹತ್ತತೊಡಗಿದಳು. ಆ ತಿರುವಿಗೆ ಬಂದಾಗ ಕಲ್ಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವಳು. ಅವಳದು ಒಂದೇ ಕಟ್ಟುನಿಟ್ಟು: ಮಳೆ ಹನಿಯಿತೋ, ಕಲ್ಲು ಒಣಗುವವರೆಗೆ ಯಾರೂ ಹತ್ತಬಾರದು. ಆದರೆ ಬರಿಗಾಲಿನ ವಿಧವೆಯ ಮಾತನ್ನು ಕೇಳುವವರು ಯಾರು? "ನಿನ್ನ ಅಪ್ಪನ ಮನೆಯ ಕಲ್ಲಾ ಇದು?" ಎಂದು ನಕ್ಕು ಹತ್ತಿದವರೂ ಇದ್ದರು. ಅವರು ಇಳಿದು ಬರುವವರೆಗೆ ಅವಳು ಕೂರದೆ ಆ ತಿರುವನ್ನೇ ನೋಡುತ್ತ ನಿಲ್ಲುವಳು.

ಹಾಗೆ ಒಂದು ದಿನ ಅವಳು, ದೈವದ ಹೆಸರಲ್ಲಿ ತಡೆ ಹಾಕುವಾಗ ಇಡುವಂತೆ, ಕಾಸರಕನ ಮರದ ಗೆಲ್ಲೊಂದನ್ನು ಮುರಿದು ಮೊದಲ ಮೆಟ್ಟಿಲಿಗೆ ಅಡ್ಡ ಇಟ್ಟಳು. "ದೈವದ ಆಣೆ ಉಂಟು. ದಾಟಬಾರದು" ಎಂದಳು. ನಗುತ್ತಿದ್ದವರ ಬಾಯಿ ಮುಚ್ಚಿತು. ಬಿಚ್ಚಿಟ್ಟ ಚಪ್ಪಲಿ ಹಾಕಿಕೊಂಡು, ಬಂದ ದಾರಿಯಲ್ಲೇ ಹಿಂದೆ ಹೋದರು.

ಅಂಥ ಆಣೆ ಕೊಡಬೇಕಾದವರು ದೈವಸ್ಥಾನದ ಮುಖ್ಯಸ್ಥರಾದ ಗುರಿಕಾರರು; ಇದನ್ನು ಅಲ್ಲಿ ಯಾರೂ ಕೊಟ್ಟಿರಲಿಲ್ಲ. ಅದು ಅಮ್ಮಣಿಗೂ ದೈವಕ್ಕೂ ಮಾತ್ರ ಗೊತ್ತಿತ್ತು. ಗೆಲ್ಲು ಇಟ್ಟ ದಿನಗಳಲ್ಲೆಲ್ಲ ಸಂಜೆ ದೀಪ ಹಚ್ಚಿ, "ಸ್ವಾಮೀ, ನಿನ್ನ ಹೆಸರು ಕದ್ದಿದ್ದೇನೆ, ಹೊಟ್ಟೆಗೆ ಹಾಕಿಕೋ" ಎಂದು ಕೈಮುಗಿಯುವಳು. ಹೀಗೆ ನಾಲ್ಕು ವರ್ಷ ನಡೆಯಿತು.

ಅರವತ್ತೊಂದರ ಎಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಅವಳು ಬರುವಾಗ ಮಾವಿನ ಮರಕ್ಕೆ ಒಂದು ಸೈಕಲ್ ಒರಗಿತ್ತು. ಯಾರೋ ಒಬ್ಬನೇ ಹತ್ತಿ ಹೋಗಿದ್ದ. ಒಂಬತ್ತು ಗಂಟೆಗೆ ಬಾಡಿಗೆ ಕಾರಿನಲ್ಲಿ ಸಿದ್ಧಕಟ್ಟೆಯ ಲೋಕನಾಥ ಶೆಟ್ಟರೂ ಅವರ ಹೆಂಡತಿ ಪ್ರೇಮಾವತಿಯೂ ಬಂದಿಳಿದರು. ಸೈಕಲ್ ಶೆಟ್ಟರ ತಮ್ಮ ಅಣ್ಣುವಿನದು.

"ನಮಗಿಂತ ಮೊದಲು ಹತ್ತಿ ತೋರಿಸ್ತೇನೆ ಅಂತ ಪಂಥ ಕಟ್ಟಿದ್ದಾನೆ ಮಾರಾಯ್ತಿ" ಎಂದು ಶೆಟ್ಟರು ನಕ್ಕರು. ಅಷ್ಟರಲ್ಲಿ ಕುದುರೆಮುಖದ ಕಡೆಯಿಂದ ಕಪ್ಪು ಮೋಡ ಬಂದು ದೊಡ್ಡ ದೊಡ್ಡ ಹನಿ ಉದುರಿತು. ಅಮ್ಮಣಿ ಓಡಿ ಹೋಗಿ ಗೆಲ್ಲು ಅಡ್ಡ ಇಟ್ಟು ಆಣೆ ಹೇಳಿದಳು. ಅಣ್ಣು ಮೇಲೆ ಕೋಟೆಯಲ್ಲೇ ನಿಂತಾನು ಎಂದು ಇಬ್ಬರೂ ಮರದಡಿ ಕೂತರು.

ಮಳೆ ಅರ್ಧ ಗಂಟೆ ಹೊಡೆದು ನಿಂತಿತು. ಆಗ ಮೇಲಿನಿಂದ ಕೂಗು ಕೇಳಿಸಿತು.

"ಅಣ್ಣಾ... ಕಾಲು ಉಳುಕಿದೆ... ಕೈ ಸೋಲ್ತಾ ಉಂಟು..."

ಅದೇ ತಿರುವು. ಮೆಟ್ಟಿಲ ಅಂಚಿನಿಂದ ನೇತಾಡುವ ಒಂದು ಕಾಲು ಕೆಳಗಿನಿಂದಲೇ ಕಾಣುತ್ತಿತ್ತು. ಶೆಟ್ಟರು ಓಡಿದರು. ಮೊದಲ ಮೆಟ್ಟಿಲ ಹತ್ತಿರ ಹೋದವರು ಗೆಲ್ಲನ್ನು ನೋಡಿ ಕಂಬದ ಹಾಗೆ ನಿಂತುಬಿಟ್ಟರು.

"ಹೋಗಿ ಧನಿಗಳೇ!"

"ಆಣೆ ಉಂಟಲ್ಲಾ ಅಮ್ಮಣಿ. ದಾಟಿದರೆ ಮನೆತನವೇ ಅಳಿಯುತ್ತದೆ. ಕಾರು ಕಳಿಸುವ, ದೈವಸ್ಥಾನದಿಂದ ಸುಬ್ಬಪ್ಪ ಗುರಿಕಾರರು ಬಂದು ಆಣೆ ಬಿಡಿಸಲಿ."

ಗುರಿಕಾರರು ಬರಲು ಒಂದು ಗಂಟೆಯಾದರೂ ಬೇಕು. ಜನರನ್ನು ಉಳಿಸಲು ತಾನು ಹೇಳಿದ ಸುಳ್ಳೇ ಈಗ ಒಂದು ಜೀವಕ್ಕೆ ಅಡ್ಡ ನಿಂತದ್ದನ್ನು ಅಮ್ಮಣಿ ಕಂಡಳು.

"ಆಣೆ ಸುಳ್ಳು ಧನಿಗಳೇ. ಯಾವ ಗುರಿಕಾರರೂ ಕೊಟ್ಟದ್ದಲ್ಲ. ನಾನೇ ಇಟ್ಟದ್ದು."

"ಬೇಡ ಅಮ್ಮಣಿ!" ಪ್ರೇಮಾವತಿ ಅವಳ ಕೈ ಹಿಡಿದುಕೊಂಡರು. "ನಮಗೋಸ್ಕರ ಪಾಪವನ್ನು ನಿನ್ನ ತಲೆಗೆ ಎಳೆದುಕೊಳ್ಬೇಡ."

ನಿಜ ಹೇಳಿದರೂ ನಂಬುವವರಿಲ್ಲ. ಅಮ್ಮಣಿ ಕೈ ಬಿಡಿಸಿಕೊಂಡಳು. ಮಡಕೆಯ ಅಡಿಯಿಂದ ಎರಡು ಗೋಣಿಚೀಲ ಎಳೆದು ನೀರಿನಲ್ಲಿ ಅದ್ದಿದಳು. ಒದ್ದೆ ಗೋಣಿ ಒದ್ದೆ ಕಲ್ಲನ್ನು ಕಚ್ಚಿ ಹಿಡಿಯುತ್ತದೆ ಎಂದು ಹುಕ್ರಪ್ಪ ಹೇಳುತ್ತಿದ್ದ. ಅವಳು ಗೆಲ್ಲನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಗೋಣಿ ಹಾಸಿ ಅದರ ಮೇಲೆ ಮಂಡಿಯೂರಿ, ಮುಂದಿನ ಮೆಟ್ಟಿಲಿಗೆ ಇನ್ನೊಂದನ್ನು ಹಾಸಿ, ಮಗು ಅಂಬೆಗಾಲಿಡುವಂತೆ ಹತ್ತಿದಳು.

ತಿರುವಿನಲ್ಲಿ ಅಣ್ಣು ಕಲ್ಲಿನ ಬಿರುಕೊಂದಕ್ಕೆ ಬೆರಳು ತುರುಕಿಸಿ ಮಲಗಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಕೆಳಗೆ ನೋಡ್ಬೇಡಿ ಸಣ್ಣ ಧನಿ. ನನ್ನ ಬೈತಲೆ ನೋಡಿ."

"ನಾನು ಸಾಯ್ತೇನಾ ಅಮ್ಮಣಿ?"

"ಸಾಯುವವರು ಹೀಗೆ ಪ್ರಶ್ನೆ ಕೇಳುವುದಿಲ್ಲ. ಕೂತುಕೊಳ್ಳಿ. ಜಾರುಗುಪ್ಪೆ ಆಡಿದ್ದೀರಲ್ಲ ಸಣ್ಣದಿರುವಾಗ? ಹಾಗೆ."

ಅವನ ತೂಕಕ್ಕೆ ಹೆಗಲು ಕೊಟ್ಟು, ಮೆಟ್ಟಿಲಿಗೊಮ್ಮೆ ಗೋಣಿ ಎಳೆದು ಹಾಸಿ, ಕೂತು ಕೂತೇ ಇಳಿಸಿದಳು. ಕೆಳಗೆ ಮುಟ್ಟುವಾಗ ಅವಳ ಮಂಡಿಯ ಚರ್ಮ ಸುಲಿದಿತ್ತು. ಶೆಟ್ಟರು ತಮ್ಮನನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತರು.

ಸಂಕ್ರಮಣದ ದಿನ ಅಮ್ಮಣಿ ಒಣಗಿದ ಗೆಲ್ಲನ್ನೂ ಒಂದು ತೆಂಗಿನಕಾಯಿಯನ್ನೂ ಹಿಡಿದು ದೈವಸ್ಥಾನಕ್ಕೆ ಹೋದಳು. ಸುಬ್ಬಪ್ಪ ಗುರಿಕಾರರ ಮುಂದೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವರು ಗೆಲ್ಲನ್ನು ತೆಗೆದುಕೊಂಡು ಪಕ್ಕಕ್ಕಿಟ್ಟರು.

"ತಪ್ಪುಕಾಣಿಕೆ ಇಡು. ನೀನು ಹೇಳುವ ಮೊದಲೇ ದೈವಕ್ಕೆ ತಿಳಿದಿದೆ. ಆದರೆ ಇನ್ನು ಆ ಹೆಸರು ಎತ್ತಬೇಡ."

"ಎತ್ತುವುದಿಲ್ಲ. ಆದರೆ ಜನರನ್ನು ತಡೆಯುವುದು ಹೇಗೆ ಗುರಿಕಾರರೇ?"

ಗುರಿಕಾರರು ಅವಳ ಕೈಗೆ ಪ್ರಸಾದ ಹಾಕಿ ಒಳಗೆ ಹೋದರು.

ಉತ್ತರವನ್ನು ಅಮ್ಮಣಿಯೇ ಕಂಡುಕೊಂಡಳು. ಆಮೇಲೆ ಮಳೆ ಹನಿದಾಗಲೆಲ್ಲ ಅವಳು ಆ ಇಕ್ಕಟ್ಟಿನ ಮೊದಲ ಮೆಟ್ಟಿಲಲ್ಲಿ ಗೋಣಿ ಹಾಸಿ, ಮಳೆಗೆ ತಲೆಗೊಂದು ಓಲೆಯ ಗೊರಬೆ ಹಾಕಿಕೊಂಡು ಅಡ್ಡ ಕೂತುಬಿಡುತ್ತಿದ್ದಳು. ಬೈದವರಿದ್ದರು, ಬೇಡಿದವರಿದ್ದರು. ಕೂತ ಹೆಂಗಸನ್ನು ದಾಟಿ ಹೋಗುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ.

ಮರುವರ್ಷ ಅಣ್ಣು ಗೆಳೆಯರನ್ನು ಕರೆದುಕೊಂಡು ಬಂದ ದಿನವೂ ಹನಿಯಿತು. ಗೆಳೆಯನೊಬ್ಬ ಗೊಣಗಿದ: "ಈ ಮುದುಕಿ ಏಳುವುದು ಯಾವಾಗ?"

"ಕಲ್ಲು ಒಣಗಿದ ಮೇಲೆ" ಎಂದ ಅಣ್ಣು. ಕೋಲನ್ನು ಮರಕ್ಕೆ ಒರಗಿಸಿ ಬಂದು, ಅವಳು ಕೂತ ಮೆಟ್ಟಿಲ ಕೆಳಗೆ ನೆಲದಲ್ಲಿ, ಮಳೆಯಲ್ಲೇ ಕೂತ.