ಕಂಚಿನ ಗಾಲಿಯ ತೂಕ

ವಾಲ್ವನ್ನು ಅರ್ಧ ಮುಚ್ಚಿ ಪಂಪು ಓಡಿಸುವುದನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಯಾರದೋ ಹೊಲಕ್ಕೆ ಊಟಕ್ಕೆ ಕರೆದಿರಲಿ, ಪಂಪಿನ ಸದ್ದು ಕಿವಿಗೆ ಬಿದ್ದರೆ ಸಾಕು, ಎಲೆಯ ಮುಂದಿನಿಂದ ಎದ್ದು ಹೋಗಿ ವಾಲ್ವು ಎಷ್ಟು ತೆರೆದಿದೆ ಎಂದು ನೋಡಿ ಬರುತ್ತೇನೆ. ಹೆಂಡತಿ ಬೈಯುತ್ತಾಳೆ. ಬೈಯಲಿ. ಈ ಚಾಳಿ ಅಂಟಿದ್ದು ಎಪ್ಪತ್ತರ ದಶಕದಲ್ಲಿ, ಅಕ್ಕಲಕೋಟ ತಾಲೂಕಿನ ಒಂದು ಊರಿನಲ್ಲಿ. ವಾಗದರಿ ದಾಟಿ ಹೋಗಬೇಕು ಎಂದರೆ ಸಾಕು, ಹೆಸರು ಬೇಡ. ಅಲ್ಲಿಯವರ ತಪ್ಪೇನೂ ಇರಲಿಲ್ಲ.

ನಮ್ಮದು ಸೊಲ್ಲಾಪುರದ ವ್ಯಾಪಾರಿ ಮನೆತನ. ಅಪ್ಪನದು ನೂಲಿನ ಅಂಗಡಿ. ಮಗ್ಗದವರಿಗೆ ನೂಲು ತೂಗಿ ಕೊಡುವ ತಕ್ಕಡಿಯ ಕೆಳಗೇ ನಾವು ಮಕ್ಕಳು ಆಡಿ ಬೆಳೆದೆವು. ನನಗೆ ತಕ್ಕಡಿ ಹಿಡಿಸಲಿಲ್ಲ. ತಾಂತ್ರಿಕ ಶಾಲೆ ಕಲಿತು, ಹಳ್ಳಿಗಳಿಗೆ ಕುಡಿಯುವ ನೀರು ಕೊಡುವ ಕಚೇರಿಯೊಂದರಲ್ಲಿ ಮೇಸ್ತ್ರಿಯಾಗಿ ಸೇರಿದೆ. ಮೂರು ಊರಿನ ಪಂಪುಗಳು ನನ್ನ ಪಾಲಿಗೆ ಬಂದವು. ‘ನೂಲು ಮಾರೋರ ಮನಿ ಮಗ ನಳ ತಿರುವಾಕ ಹೋಗ್ಯಾನ’ ಎಂದು ಓಣಿಯವರು ನಕ್ಕರು. ನನಗಿದ್ದ ಹುಮ್ಮಸ್ಸಿನಲ್ಲಿ ಅದು ನಾಟಲೇ ಇಲ್ಲ.

ನಾನು ಹೇಳಹೊರಟ ಊರಿನಲ್ಲಿ ಹಳ್ಳದ ದಂಡೆಗೆ ಬಾವಿ, ಬಾವಿಯ ಪಕ್ಕ ಪಂಪಿನ ಮನೆ. ಅಲ್ಲಿಂದ ಪೈಪು ಊರೊಳಗಿನ ನೀರಿನ ಟಾಕಿಗೆ ಹೋಗುತ್ತಿತ್ತು. ಟಾಕಿಯಿಂದ ಕೆಳಗಿನ ಓಣಿಗೂ ಮೇಲಿನ ಓಣಿಗೂ ನಳ. ಮೇಲಿನ ಓಣಿ ಎತ್ತರದಲ್ಲಿದ್ದುದರಿಂದ ಟಾಕಿ ಪೂರಾ ತುಂಬಿದರೆ ಮಾತ್ರ ಅಲ್ಲಿಗೆ ನೀರು ಏರುತ್ತಿತ್ತು. ಅಲ್ಲಿದ್ದವರು ಕುರಿ ಸಾಕುವ ಜನ, ಬೀರೋಬಾ ದೇವರ ಒಕ್ಕಲು. ಪಂಪು ನಡೆಸುತ್ತಿದ್ದ ಮುದುಕನೂ ಆ ಓಣಿಯವನೇ. ಕುರಿಗಳನ್ನು ಮಕ್ಕಳಿಗೆ ಒಪ್ಪಿಸಿ ಈ ಕೆಲಸಕ್ಕೆ ಬಂದಿದ್ದ. ನಾನು ಅವನನ್ನು ಮುತ್ಯಾ ಎನ್ನುತ್ತಿದ್ದೆ. ಮೋಟಾರಿನ ಮೈ ಮುಟ್ಟಿ ಅದರ ಬೇನೆ ಹೇಳುತ್ತಿದ್ದ ಮನುಷ್ಯ.

ಮೊದಲ ದಿನವೇ ನೋಡಿದೆ: ಹದಿನಾಲ್ಕು ಸುತ್ತು ತೆರೆಯಬಹುದಾದ ವಾಲ್ವು ಬರೀ ಐದು ಸುತ್ತು ತೆರೆದಿತ್ತು.

“ಮುತ್ಯಾ, ಇದ್ಯಾಕ ಹಿಂಗ ಬಿಗದೀದಿ?”

“ಪೂರಾ ಬಿಟ್ರ ಮೋಟಾರಿಗಿ ಜ್ವರ ಬರ್ತಾವ್ರಿ. ಹೋದ ವರ್ಸ ಒಮ್ಮಿ ಸುಟ್ಟೈತಿ.”

ಮುದುಕ ಹೇಳಿದ್ದು ಸರಿಯಿತ್ತು. ತಪ್ಪು ಬೇರೆ ಕಡೆಗಿತ್ತು. ಟಾಕಿಯನ್ನು ಮೊದಲು ಬೀರೋಬಾನ ಗುಡ್ಡದ ಮೇಲೆ ಕಟ್ಟುವುದೆಂದು ನಕ್ಷೆ ಮಾಡಿದ್ದರಂತೆ. ಆ ಎತ್ತರಕ್ಕೆ ತಕ್ಕ ಪಂಪು ಕೊಂಡರು. ಆಮೇಲೆ ಯಾರೋ ಮನಸ್ಸು ಬದಲಿಸಿ ಟಾಕಿಯನ್ನು ಕೆಳಗೆ, ಚಾವಡಿಯ ಹಿಂದೆ ಕಟ್ಟಿಸಿದರು. ಪಂಪು ಮಾತ್ರ ಗುಡ್ಡಕ್ಕೆ ನೀರು ಏರಿಸುವ ಪಂಪಾಗಿಯೇ ಉಳಿಯಿತು. ಪೂರಾ ಬಿಟ್ಟರೆ ಮಿತಿಮೀರಿ ನೀರೆತ್ತಿ ಮೋಟಾರು ಕಾಯುತ್ತಿತ್ತು, ಅದಕ್ಕೆ ವಾಲ್ವು ಬಿಗಿಯುವುದು. ಎತ್ತಿಗೆ ಬಾರಕೋಲು ಬೀಸುತ್ತ ಹಗ್ಗವನ್ನೂ ಜಗ್ಗಿ ಹಿಡಿದಂತೆ. ಎತ್ತಾದರೆ ನಿಂತುಬಿಟ್ಟೀತು, ಮೋಟಾರು ನಿಲ್ಲುವುದಿಲ್ಲ, ಕರೆಂಟು ತಿನ್ನುತ್ತದೆ.

ಕರೆಂಟಿನ ಬಿಲ್ಲು ಪಂಚಾಯತಿಯ ತಲೆಗೆ. ಅದು ಹೊರಲಾಗದೆ ಸರಪಂಚರು ಒಂದು ಉಪಾಯ ಮಾಡಿದ್ದರು: ಪಂಪು ಓಡಿಸುವ ಹೊತ್ತನ್ನೇ ಅರ್ಧ ಮಾಡಿದ್ದರು. ಹೀಗಾಗಿ ಟಾಕಿ ತುಂಬುವುದು ದಿನ ಬಿಟ್ಟು ದಿನ. ಕೆಳಗಿನ ಓಣಿಗೆ ಯಾವ ತೊಂದರೆಯೂ ಇಲ್ಲ. ಮೇಲಿನ ಓಣಿಯ ಹೆಂಗಸರು ಮಾತ್ರ ನೀರಿಲ್ಲದ ದಿನ ಕೊಡ ಹೊತ್ತು ಹಳ್ಳಕ್ಕೆ ಇಳಿಯಬೇಕು. ಹಳ್ಳದ ದಾರಿ ನಮ್ಮ ಪಂಪಿನ ಮನೆಯ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು. ಒಳಗೆ ಪಂಪು ನೀರನ್ನು ಮೇಲಕ್ಕೆ ತಳ್ಳುತ್ತಿದೆ, ಹೊರಗೆ ಹೆಂಗಸರು ನೀರಿಗಾಗಿ ಕೆಳಕ್ಕೆ ನಡೆಯುತ್ತಿದ್ದಾರೆ. ಅವರಲ್ಲಿ ಮುತ್ಯಾನ ಹೆಂಡತಿಯೂ ಒಬ್ಬಳು. ಮೊಣಕಾಲು ಹೋದ ಮುದುಕಿ, ತಲೆಯ ಮೇಲೆ ತವರಿನಿಂದ ತಂದ ಹಿತ್ತಾಳಿ ಕೊಡ. ಇಳಿಯುವಾಗ ಒಮ್ಮೆ, ಏರುವಾಗ ಒಮ್ಮೆ ನಮ್ಮ ಬಾಗಿಲಲ್ಲಿ ನಿಂತು ದಮ್ಮು ತೆಗೆದುಕೊಳ್ಳುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ. ಆಡಿದ್ದರೆ ವಾಸಿಯಿತ್ತು.

ಮದ್ದು ನನಗೆ ಗೊತ್ತಿತ್ತು. ಪಂಪಿನ ಹೊಟ್ಟೆಯಲ್ಲಿ ನೀರನ್ನು ಬೀಸಿ ಎಸೆಯುವ ಒಂದು ಕಂಚಿನ ಗಾಲಿ ಇರುತ್ತದೆ. ಅದರ ಅಂಚನ್ನು ಬೆರಳಿನಗಲ ಕೆತ್ತಿ ಚಿಕ್ಕದು ಮಾಡಿದರೆ ಪಂಪಿನ ಸೊಕ್ಕು ಟಾಕಿಯ ಎತ್ತರಕ್ಕೆ ಸರಿಹೋಗುತ್ತದೆ. ವಾಲ್ವು ಪೂರಾ ಬಿಡಬಹುದು, ನೀರು ಅಷ್ಟೇ ಬರುತ್ತದೆ, ಕರೆಂಟು ಉಳಿಯುತ್ತದೆ. ಶಾಲೆಯಲ್ಲಿ ಕಲಿತದ್ದು, ಲೆಕ್ಕ ಹಾಕಿಯೂ ನೋಡಿದ್ದೆ. ಕಚೇರಿಗೆ ಅರ್ಜಿ ಬರೆದೆ. ಉತ್ತರವಿಲ್ಲ. ಮತ್ತೊಂದು ಬರೆದೆ. ಮೂರನೆಯದನ್ನು ನಾನೇ ಒಯ್ದು ಕೊಟ್ಟೆ. ಕಾರಕೂನ ಅದನ್ನು ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿದ. “ಸರ್ಕಾರಿ ಸಾಮಾನು ಕೆತ್ತಾಂವೇನೋ ನೀ? ನಾಳಿ ಮೋಟಾರು ದೊಡ್ಡದಾತು ಅಂತ ಅದನ್ನೂ ಕೆತ್ತೀದಿ!” ಅಲ್ಲಿದ್ದವರೆಲ್ಲ ನಕ್ಕರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ದೇವರ ತನಕ ಅರ್ಜಿ ಮುಟ್ಟಲೂ ಇಲ್ಲ.

ಮನೆಗೆ ಬಂದು ಅಪ್ಪನ ಮುಂದೆ ಕಿರುಚಾಡಿದೆ. ಅಪ್ಪನಿಗೆ ಪಂಪೂ ಗೊತ್ತಿಲ್ಲ, ಗಾಲಿಯೂ ಗೊತ್ತಿಲ್ಲ. ಪೂರಾ ಕೇಳಿದ ಮೇಲೆ, “ಅಂಗಿ ದೊಡ್ಡದಾದ್ರ ಒಳಗ ಹಿಡದು ಹೊಲೀಬೇಕು. ಇದಕ್ಕೂ ಅರ್ಜಿ ಬೇಕೇನೋ ಹುಚ್ಚಾ?” ಎಂದ. ಅಷ್ಟೇ ಸಾಕಾಯಿತು ನನಗೆ.

ದಸರೆಯ ಮುಂದೆ ಪಂಪನ್ನು ಬಿಚ್ಚಿ ಸ್ವಚ್ಛ ಮಾಡುವ ಕೆಲಸ ಬಂತು. ಸರಪಂಚರಿಗೆ ನನ್ನ ಯೋಚನೆ ಹೇಳಿದೆ, ಬಿಲ್ಲು ಇಳಿಯುತ್ತದೆ ಎಂದು ಕೇಳಿ ಬೆನ್ನು ಚಪ್ಪರಿಸಿದರು. ನಾನೂ ಮುತ್ಯಾನೂ ಗಾಲಿಯನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಹೋದೆವು. ಮಗ್ಗದ ಸಾಮಾನು ರಿಪೇರಿ ಮಾಡುವ ಪರಿಚಯದ ಲೇಥಿನವನೊಬ್ಬನಿದ್ದ. ಅವನು ಗಾಲಿಯನ್ನು ಲೇಥಿಗೆ ಕಟ್ಟಿ, ನಾನು ಗೀರಿದ ಗೆರೆಯ ತನಕ ನಾಜೂಕಾಗಿ ಅಂಚು ತೆಗೆದ. ಕಂಚಿನ ಪುಡಿ ಬಂಗಾರದಂತೆ ಉದುರಿತು. ಮುತ್ಯಾ ಕೈ ಮುಗಿದು ನಿಂತಿದ್ದ. ಕೆಲಸ ಮುಗಿದ ಮೇಲೆ ಲೇಥಿನವನು ಪುಡಿಯನ್ನೆಲ್ಲ ಬಳಿದು, ಅರಿವೆಯಲ್ಲಿ ಗಂಟು ಕಟ್ಟಿ, “ನಿಮ್ಮ ಮಾಲು ನಿಮ್ಮ ಕಡಿ ಇರಲಿ” ಎಂದು ಕೊಟ್ಟ. ನಾನು ಆ ಗಂಟನ್ನು ಮುತ್ಯಾನ ಕೈಗೆ ಕೊಟ್ಟು, “ಜತನಾಗಿ ಇಡು” ಎಂದೆ. ತೂಗಲಿಲ್ಲ. ನೂಲು ತೂಗಿ ಮಾರುವವನ ಮಗ ನಾನು, ತೂಗಲಿಲ್ಲ.

ಗಾಲಿ ಕೂಡಿಸಿ ಪಂಪು ಚಾಲೂ ಮಾಡಿದೆವು. ಐದು, ಎಂಟು, ಹತ್ತು, ಹದಿನಾಲ್ಕು ಸುತ್ತು. ವಾಲ್ವು ಪೂರಾ ತೆರೆಯಿತು. ಮುತ್ಯಾ ಮೋಟಾರಿನ ಬೆನ್ನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತ. “ತಣ್ಣಗೈತ್ರೀ!” ಎಂದ. ನಾನು ಗಡಿಯಾರ ಹಿಡಿದು ಕರೆಂಟಿನ ಮೀಟರಿನ ಮುಂದೆ ಕುಳಿತೆ. ಒಳಗಿನ ತಟ್ಟೆಯ ಕೆಂಪು ಗುರುತು ಮೊದಲು ಬುರುಬುರು ಬರುತ್ತಿದ್ದುದು ಈಗ ಬಸುರಿಯಂತೆ ನಿಧಾನ ನಡೆದು ಬರುತ್ತಿತ್ತು. ನನಗೆ ಕೂಗಿ ಕುಣಿಯುವಷ್ಟು ಸಂತೋಷವಾಯಿತು. ಎರಡು ಬಿಲ್ಲು ನೋಡಿದ ಮೇಲೆ ಸರಪಂಚರು ಪಂಪಿನ ಹೊತ್ತನ್ನು ಮೊದಲಿನಷ್ಟು ಮಾಡಿದರು. ಮೇಲಿನ ಓಣಿಗೆ ದಿನವೂ ನೀರು ಏರಿತು. ಹಳ್ಳದ ದಾರಿಯಲ್ಲಿ ಹುಲ್ಲು ಬೆಳೆಯಿತು. ಮುದುಕಿ ಒಂದು ದಿನ ಸಜ್ಜಿ ರೊಟ್ಟಿ, ಪುಂಡಿ ಪಲ್ಯ ಕಟ್ಟಿ ಕಳಿಸಿದ್ದಳು. ಅಂಥ ಊಟವನ್ನು ನಾನು ಮತ್ತೆ ಉಂಡಿಲ್ಲ.

ಯುಗಾದಿಯ ಹೊತ್ತಿಗೆ ನಮ್ಮ ಕಚೇರಿಯ ಸಾಹೇಬರು ಬಂದರು. ವರ್ಷಕ್ಕೊಮ್ಮೆ ಸಾಮಾನು ಎಣಿಸುವ ತಪಾಸಣೆ. ಜತೆಗೆ ಅದೇ ಕಾರಕೂನ, ಬಗಲಲ್ಲಿ ರಜಿಸ್ಟರು, ಕೈಯಲ್ಲಿ ಕೊಕ್ಕೆಯ ತಕ್ಕಡಿ. ಬೇರೆಲ್ಲೋ ಯಾರೋ ಹಿತ್ತಾಳಿ ಸಾಮಾನು ಕದ್ದು ಕಬ್ಬಿಣದ್ದು ಕೂಡಿಸಿದ್ದರಂತೆ. ಅಂದಿನಿಂದ ಹಿತ್ತಾಳಿ, ಕಂಚಿನ ಸಾಮಾನನ್ನೆಲ್ಲ ತೂಗಿ ನೋಡುವ ನಿಯಮ. ಪಂಪು ನಿಲ್ಲಿಸಿ ಗಾಲಿ ಬಿಚ್ಚಿಸಿದರು, ತೂಗಿದರು. ಕಡಿಮೆ ಬಂತು.

“ವಜನ ಕುಠೆ ಗೇಲಂ?” ಎಂದರು ಸಾಹೇಬರು. ತೂಕ ಎಲ್ಲಿ ಹೋಯಿತು?

ನಾನು ಎದೆ ಉಬ್ಬಿಸಿ ಹೇಳಿದೆ, ಮುಚ್ಚಿಡಲಿಲ್ಲ. ಯಾಕೆ ಕೆತ್ತಿಸಿದೆ, ಅದರಿಂದ ಏನಾಯಿತು, ಎಲ್ಲ. ಪುಡಿ ನಮ್ಮಲ್ಲೇ ಇದೆ, ಎರಡನ್ನೂ ಕೂಡಿಸಿ ತೂಗಿದರೆ ಸರಿಹೋಗುತ್ತದೆ ಎಂದೆ. ಪಂಪಿನ ಮನೆಯ ಪೆಟ್ಟಿಗೆ ತೆಗೆದೆ. ಗಂಟು ಇರಲಿಲ್ಲ.

“ಮುತ್ಯಾ, ಆ ಪುಡಿ ಗಂಟು ಎಲ್ಲಿ ಇಟ್ಟೀದಿ?”

ಮುದುಕ ಖುಷಿಯಿಂದಲೇ ಹೇಳಿದ. “ಬೀರೋಬಾಗ ಕೊಟ್ಟೀನ್ರಿ. ಮೊದಲ್ನೇ ಸಲ ಕತ್ತರಿಸಿದ ಕುರಿ ಉಣ್ಣಿ ದೇವರದು, ನಾವು ಮನಿಯಾಗ ಇಟಗೊಳ್ಳಾಂಗಿಲ್ರಿ. ಈ ಗಾಲಿ ನಮ್ಮ ಓಣಿ ಸಲುವಾಗಿ ಮೈ ಕತ್ತರಿಸ್ಕೊಂಡೈತಿ. ಅದನ್ನ ಪೆಟಗ್ಯಾಗ ಇಡಾಕ ಬರ್ತೈತೇನ್ರಿ? ಭಂಡಾರದಾಗ ಕಲಿಸಿ ಹಾರಿಸೀವಿ. ಏನ್ ಹೊಳೀತ್ರಿ ಅವತ್ತ!”

ಜತನ ಎಂದರೆ ಅವನಿಗೆ ಅದಕ್ಕಿಂತ ದೊಡ್ಡ ಜತನ ಗೊತ್ತಿರಲಿಲ್ಲ. ಭಂಡಾರದ ಅರಿಶಿನದ ಜತೆ ಗುಡ್ಡದ ಗಾಳಿಗೆ ತೂರಿದ ಕಂಚನ್ನು ಯಾವ ತಕ್ಕಡಿಗೆ ತರಲಿ? ಕಾರಕೂನ ಸಾಹೇಬರಿಗೆ ಮರಾಠಿಯಲ್ಲಿ ತಿಳಿಸಿ ಹೇಳಿದ. ಸಾಹೇಬರು ನಗಲೂ ಇಲ್ಲ. ದೇವರ ಪಾವತಿ ಚೀಟಿ ಇದೆಯೇ ಎಂದು ಕೇಳಿದರು.

ಮೀಟರನ್ನಾದರೂ ನೋಡಿ ಎಂದು ಅವರನ್ನು ಬೇಡಿಕೊಂಡೆ. ಹಳೆಯ ಬಿಲ್ಲು, ಹೊಸ ಬಿಲ್ಲು ಎರಡನ್ನೂ ಮುಂದೆ ಹಿಡಿದೆ. “ಮೀಟರ್ ಆಮಚ್ಯಾ ಖಾತ್ಯಾತ ಯೇತ ನಾಹೀ” ಎಂದರು. ಮೀಟರು ನಮ್ಮ ಖಾತೆಗೆ ಬರುವುದಿಲ್ಲ, ಗಾಲಿ ಬರುತ್ತದೆ. ತಪಾಸಣೆಗೆಂದು ಬಂದು ನಿಂತಿದ್ದ ಸರಪಂಚರ ಮುಖ ನೋಡಿದೆ. ಕೆತ್ತಿಸುವ ಮುಂದೆ ಬೆನ್ನು ಚಪ್ಪರಿಸಿದ್ದ ಮನುಷ್ಯ ಈಗ ಗೋಡೆಯ ಮೇಲಿನ ಹಲ್ಲಿ ನೋಡುತ್ತಿದ್ದರು. ಊರು ಸುಟ್ಟರೂ ಹನುಮಪ್ಪ ಹೊರಗೆ.

ಈ ನಡುವೆ ಮುತ್ಯಾ ಎದ್ದು ಹೋಗಿದ್ದ. ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತ ಬಂದ. ಕೈಯಲ್ಲಿ ಹೆಂಡತಿಯ ಹಿತ್ತಾಳಿ ಕೊಡ. ಅದನ್ನು ಸಾಹೇಬರ ಕಾಲ ಹತ್ತಿರ ಇಟ್ಟು, “ಎಷ್ಟು ಕಮ್ಮಿ ಬಿದ್ದೈತಿ ಅಷ್ಟು ಇದರಾಗ ಕಡಕೊಳ್ರಿ. ಗಾಲಿ ಹಂಗೇ ಇರಲ್ರಿ” ಎಂದ. ಕಾರಕೂನ ಕಿಸಕ್ಕನೆ ನಕ್ಕ. ಇದು ರಜಿಸ್ಟರಿನಲ್ಲಿಲ್ಲದ ಸಾಮಾನು, ಒಯ್ಯಲು ಹೇಳು ಎಂದರು ಸಾಹೇಬರು. ನಾಚಿಕೆಯಿಂದ ನಾನು ತಲೆ ಎತ್ತಲಿಲ್ಲ. ಆ ಕಾರಕೂನನ ಕಪಾಳಕ್ಕೆ ಬಿಡಬೇಕಿತ್ತು ಎಂದು ಈಗಲೂ ಅನಿಸುತ್ತದೆ. ಬಿಡಲಿಲ್ಲ. ನೌಕರಿ ಬೇಕಿತ್ತು ನನಗೆ.

ಮುತ್ಯಾನ ಹೆಸರು ಬಾರದ ಹಾಗೆ, ಪುಡಿ ನನ್ನ ಕೈಯಿಂದಲೇ ಕಳೆಯಿತು ಎಂದು ಬರೆದುಕೊಟ್ಟೆ. ನನ್ನ ಮೇಲೆ ಒಂದು ತಾಕೀತಿನ ಕಾಗದ ಬಿತ್ತು, ಹೋಗಲಿ. ನನ್ನ ಹೊಟ್ಟೆ ಉರಿಸಿದ್ದು ಅದಲ್ಲ. ಮೂರು ಅರ್ಜಿಗೆ ಉತ್ತರ ಕೊಡದ ಕಚೇರಿ ಹದಿನೈದೇ ದಿನದಲ್ಲಿ ಹೊಸ ಗಾಲಿ ಕಳಿಸಿತು! ಮೊದಲಿನ ಅಳತೆಯದೇ, ಗುಡ್ಡಕ್ಕೆ ನೀರು ಏರಿಸುವಂಥದ್ದೇ, ರಜಿಸ್ಟರಿಗೆ ತಕ್ಕ ತೂಕದ್ದೇ. ಕೆತ್ತಿದ ಗಾಲಿಯನ್ನು ‘ನಿಕಾಮಿ’ ಎಂದು ಬರೆದು, ಅಂದರೆ ಕೆಲಸಕ್ಕೆ ಬಾರದ್ದು ಎಂದು, ಮೋಡಕಾ, ಗುಜರಿ ಸಾಮಾನಿನ ಜತೆ ಒಯ್ದರು. ಆ ಪಂಪಿಗೆ ಒಮ್ಮೆಯಾದರೂ ಸರಿಹೊಂದಿದ್ದ ಸಾಮಾನು ಅದೊಂದೇ.

ಅಪ್ಪನಿಗೆ ಹೇಳಿದಾಗ ಅವನು ಕಚೇರಿಯನ್ನು ಬೈಯಲಿಲ್ಲ. “ಲೇಥಿನವನ ಕಟ್ಟಿ ಮ್ಯಾಲೇ ತೂಗಿ ಚೀಟಿ ಬರಸ್ಕೊಂಡಿದ್ರ ನಿನ್ನ ಗಂಟು ಏನ್ ಹೋಗತಿತ್ತು?” ಎಂದ.

ಹೊಸ ಗಾಲಿಯನ್ನು ನನ್ನ ಕೈಯಿಂದಲೇ ಕೂಡಿಸಿದೆ. ಪಂಪು ಚಾಲೂ ಆಯಿತು. ಮುತ್ಯಾ ವಾಲ್ವಿನ ಹಿಡಿಯ ಮೇಲೆ ಕೈ ಇಟ್ಟು ನನ್ನ ಕಡೆ ನೋಡಿದ.

“ಎಷ್ಟು ಸುತ್ತು ಬಿಡ್ಲಿರಿ?”

“ಐದು.”

ಅವನು ಎಣಿಸಿ ಐದು ಸುತ್ತು ಬಿಟ್ಟ. ಮೀಟರಿನ ತಟ್ಟೆ ಮತ್ತೆ ಬುರುಬುರು ತಿರುಗಿತು. ಎರಡು ತಿಂಗಳಲ್ಲಿ ಸರಪಂಚರು ಮತ್ತೆ ಹೊತ್ತು ಕಡಿಮೆ ಮಾಡಿದರು.

ಅದಾದ ಮೇಲೆ ಒಂದು ಬೆಳಿಗ್ಗೆ ಪಂಪಿನ ಮನೆಯ ಬಾಗಿಲಲ್ಲಿ ಕುಳಿತಿದ್ದೆ. ಮೇಲಿನ ಓಣಿಯ ಹೆಂಗಸರು ಹಳ್ಳದಿಂದ ಏರಿ ಬಂದರು. ಕೊನೆಗೆ ಮುದುಕಿ ಬಂದಳು, ತಲೆಯ ಮೇಲೆ ಅದೇ ಹಿತ್ತಾಳಿ ಕೊಡ, ತುಂಬಿತ್ತು. ನಮ್ಮ ಬಾಗಿಲಲ್ಲಿ ನಿಂತು ದಮ್ಮು ತೆಗೆದುಕೊಂಡಳು. ಎಂದೂ ಮಾತಾಡದವಳು ಆವತ್ತು ಮಾತಾಡಿದಳು. ಕುಹಕವಿರಲಿಲ್ಲ, ಅವಳಿಗೆ ನಿಜವಾಗಿಯೂ ನನ್ನ ಚಿಂತೆಯಿತ್ತು.

“ಯಪ್ಪಾ, ನಿಮ್ಮ ಸಾಹೇಬರ ತೂಕ ಈಗ ಬರೋಬ್ಬರಿ ಆತೇನ್ರಿ?”

“ಆತು ಆಯಿ” ಎಂದೆ.

“ಆಗಲ್ರಿ” ಎಂದು ಮುದುಕಿ ಕೊಡ ಸರಿಮಾಡಿಕೊಂಡು ದಿಬ್ಬ ಏರತೊಡಗಿದಳು.